ವಿಷ್ಣುಮೂರ್ತಿಗಳ ಹನ್ನೆರಡು ಲೋಟ

ಮೂವತ್ತೊಂದು ವರ್ಷ ಜೀವವಿಮೆ ಮಾರಿದ ಮನುಷ್ಯನಿಗೆ ಈ ಲೋಕದಲ್ಲಿ ಬೆರಗುಪಡುವಂಥದ್ದು ಏನೂ ಉಳಿದಿರುವುದಿಲ್ಲ ಎಂದು ನೀವು ತಿಳಿದಿದ್ದರೆ, ನೀವು ಚೆನ್ನೈಯ ವೆಸ್ಟ್ ಮಾಂಬಲಂನ ವಿಷ್ಣುಮೂರ್ತಿಗಳನ್ನು ನೋಡಿಲ್ಲ ಎಂದೇ ಅರ್ಥ. ಅವರದು ರಾಯಪುರಂ ಶಾಖೆ. ಉಡುಪಿ ಕಡೆಯ ಈ ಹುಟ್ಟು ಸಸ್ಯಾಹಾರಿ, ಬೆಳಗಿನ ಐದು ಗಂಟೆಗೆ ಕಾಸಿಮೇಡಿನ ಮೀನು ಹರಾಜಿನ ನಡುವೆ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತು, ದೋಣಿಯ ಮಾಲೀಕರಿಗೆ ಮರಣದ ಮಹತ್ವವನ್ನು ಮನಮುಟ್ಟುವಂತೆ ವಿವರಿಸಿದವರು. ರಿಸ್ಕ್ ಎಂಬ ಶಬ್ದ ಕೇಳಿದರೆ ಎದ್ದು ನಿಂತು ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದವರು. ಅಂಥವರು ಅರವತ್ತೆರಡನೆಯ ವಯಸ್ಸಿನಲ್ಲಿ ಕ್ರಿಪ್ಟೋ ವ್ಯಾಲೆಟ್ ತೆರೆದರು.

ಇದಕ್ಕೆ ಕಾರಣ ದುರಾಸೆಯಲ್ಲ, ಬೆಂಡೋಲೆ. ಮದುವೆಯಾದ ವರ್ಷ ಉಡುಪಿಯ ಚಿನ್ನದಂಗಡಿಯೊಂದರ ಗಾಜಿನೊಳಗೆ ಏಳು ವಜ್ರದ ಬೆಂಡೋಲೆಯ ಜೋಡಿ ತೋರಿಸಿ ಅವರ ಹೆಂಡತಿ ಗುಣವತಿ, "ಇಂಥದ್ದೊಂದು ಆಗ್ಬೇಕು" ಎಂದಿದ್ದರು. "ಮುಂದಿನ ವರ್ಷ" ಎಂದಿದ್ದರು ಇವರು. ಅಂಥ ಮುಂದಿನ ವರ್ಷಗಳು ಒಟ್ಟು ಮೂವತ್ನಾಲ್ಕು ಬಂದು ಹೋದವು. ಈಚೆಗೆ ಹಳೆಯ ಪಾಲಿಸಿಯೊಂದು ಮುಗಿದು ಒಂದು ಲಕ್ಷದ ಇಪ್ಪತ್ತು ಸಾವಿರ ಕೈಗೆ ಬಂದಾಗ ವಿಷ್ಣುಮೂರ್ತಿಗಳು ಯಾರಿಗೂ ಹೇಳದೆ ಟಿ. ನಗರದ ಅಂಗಡಿಗೆ ಹೋಗಿ ವಿಚಾರಿಸಿದರು. ಆ ದುಡ್ಡಿಗೆ ಒಂದು ಕಿವಿಯದು ಬರುತ್ತಿತ್ತು. ಇನ್ನೊಂದು ಕಿವಿಗೇನು ಮಾಡುವುದು ಎಂದು ಯೋಚಿಸುತ್ತ ಮನೆಗೆ ಬಂದವರಿಗೆ ಹೊಳೆದ ದಿವ್ಯೋಪಾಯವೇ ಕ್ರಿಪ್ಟೋ. ದುಡ್ಡು ಬೆಳೆಯಬೇಕು, ಎರಡನೆಯ ಕಿವಿಯೂ ತುಂಬಬೇಕು, ಗುಣವತಿಗೆ ಕೊನೆಯ ಗಳಿಗೆಯವರೆಗೂ ಗೊತ್ತಾಗಬಾರದು.

ವ್ಯಾಲೆಟ್ ಮಾಡಿಕೊಟ್ಟವಳು ಮಗಳು ಅನ್ವಿತಾ. ಗಿಂಡಿಯ ಆಡಿಟ್ ಆಫೀಸಿನಲ್ಲಿ ಕೆಲಸ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ತಮಿಳಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಉಳಿದ ಅರ್ಧವನ್ನು ಕನ್ನಡಕ್ಕೆ ಬಿಡುವ ಹುಡುಗಿ. (ಮೂರು ಅರ್ಧ ಹೇಗೆ ಎಂದು ಕೇಳಬೇಡಿ, ಚೆನ್ನೈಯಲ್ಲಿ ಹಾಗೆಯೇ.) ಸರಿಯಾದ ಆ್ಯಪ್ ಹೌದೋ ಅಲ್ಲವೋ ಎಂದು ತಯಾರಿಸಿದವರ ಹೆಸರನ್ನು ಮೂರು ಸಲ ತಾಳೆ ನೋಡಿಯೇ ಅವಳು ಇಳಿಸಿಕೊಂಡದ್ದು. ಆಮೇಲೆ ಫೋನಿನ ಪರದೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳು ಮೂಡಿದವು.

"ಅಪ್ಪಾ, ನಲ್ಲಾ ಕೇಳು. ಈ ಟ್ವೆಲ್ವ್ ವರ್ಡ್ಸ್ ಇದೇ ಆರ್ಡರ್‌ನಲ್ಲಿ ನಿನ್ನ ಹತ್ರ ಇದ್ರೆ ದುಡ್ಡು ನಿನ್ನದು. ಬೇರೆಯವ್ರಿಗೆ ಗೊತ್ತಾದ್ರೆ ದುಡ್ಡು ಅವ್ರದ್ದು. ಕಳೆದುಹೋದ್ರೆ ಅವ್ಳೋದಾನ್, ಮುಗೀತು."

"ಬ್ಯಾಂಕಿಗೊಂದು ಅರ್ಜಿ ಬರೆದ್ರೆ?"

"ಬ್ಯಾಂಕೇ ಇಲ್ಲಪ್ಪಾ."

"ಮ್ಯಾನೇಜರು?"

"ಇಲ್ಲ."

"ಹೋಗ್ಲಿ, ಒಂದು ದೂರಿನ ಪೆಟ್ಟಿಗೆಯಾದ್ರೂ ಉಂಟಾ?"

"ಅಪ್ಪಾ!"

ವಿಷ್ಣುಮೂರ್ತಿಗಳಿಗೆ ಮೈ ಜುಮ್ಮೆಂದಿತು. ಮ್ಯಾನೇಜರಿಲ್ಲ, ಊಟದ ವೇಳೆಯಿಲ್ಲ, ನಾಮಿನಿಯ ಸಹಿ ಇಲ್ಲ, ಎರಡು ಫೋಟೊ ಅಂಟಿಸಬೇಕಾಗಿಲ್ಲ! ಬರೀ ಹನ್ನೆರಡು ಮಾತು, ಮಂತ್ರದ ಹಾಗೆ. ಮೊದಲು ಪರೀಕ್ಷೆಗೆಂದು ಐನೂರು ರೂಪಾಯಿಯಷ್ಟನ್ನು ಮಾತ್ರ ಕಳಿಸಿ, ವಿಳಾಸದ ಮೊದಲ ನಾಲ್ಕು ಕೊನೆಯ ನಾಲ್ಕು ಅಕ್ಷರ ಹೋಲಿಸಿ ನೋಡಲು ಅನ್ವಿತಾ ಕಲಿಸಿಕೊಟ್ಟಳು. ನಾಲ್ಕು ನಿಮಿಷದಲ್ಲಿ ಅದು ವ್ಯಾಲೆಟ್ಟಿಗೆ ಬಂದು ಬಿದ್ದಾಗ ಅವರು ಫೋನನ್ನು ಕಣ್ಣಿಗೊತ್ತಿಕೊಂಡರು. ರಾಯಪುರಂನಿಂದ ಒಂದು ಚೆಕ್ಕು ಹೆಡ್ಡಾಫೀಸಿಗೆ ಹೋಗಿ ಬರಲು ನಾಲ್ಕು ವಾರ ಬೇಕಾಗುತ್ತಿದ್ದ ಕಾಲ ನೋಡಿದವರು, ಪಾಪ.

"ಫೋಟೊ ತೆಗೀಬಾರ್ದು, ವಾಟ್ಸಾಪ್‌ನಲ್ಲಿ ಹಾಕ್ಬಾರ್ದು, ಯಾರಿಗೂ ಹೇಳ್ಬಾರ್ದು. ಪೇಪರ್ ಮೇಲೆ ನಂಬರ್ ಹಾಕಿ ಬರ್ದು ಎರಡು ಕಾಪಿ ಮಾಡು. ಒಂದು ಮನೇಲಿ, ಒಂದು ಲಾಕರ್‌ನಲ್ಲಿ. ನಾನೂ ನೋಡಲ್ಲ," ಎಂದು ಮಗಳು ಮುಖ ತಿರುಗಿಸಿ ಕೂತಳು. ಇವರು ಬರೆದುಕೊಂಡು, ಮಿಕ್ಕ ದುಡ್ಡನ್ನೂ ವ್ಯಾಲೆಟ್ಟಿಗೆ ಸಾಗಿಸಿದರು. ಇಲ್ಲಿಗೆ ಎಲ್ಲವೂ ಸರಿಯಾಗಿತ್ತು. ಇಲ್ಲಿಗೇ ಬಿಟ್ಟಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಆದರೆ ವಿಷ್ಣುಮೂರ್ತಿಗಳಿಗೆ ಕಾಗದದ ಮೇಲೆ ವಿಶ್ವಾಸ ಹೋಗಿ ವರ್ಷಗಳಾಗಿದ್ದವು. ಅವರು ನೆಲ ಅಂತಸ್ತಿನಲ್ಲಿದ್ದ ಕಾಲದಲ್ಲಿ ಒಂದು ಡಿಸೆಂಬರ್ ಮಳೆಗೆ ಮನೆಯೊಳಗೆ ಸೊಂಟದ ಮಟ್ಟ ನೀರು ಬಂದು, ಅವರ ಸಮಸ್ತ ದಾಖಲೆಗಳೂ ದೋಸೆ ಹಿಟ್ಟಿನ ಹದಕ್ಕೆ ಬಂದಿದ್ದವು. ಆವತ್ತು ಹಾಳಾಗದೆ ಉಳಿದದ್ದು ಸ್ಟೀಲಿನ ಪಾತ್ರೆ ಮಾತ್ರ. ಇಂಥ ಪದಗಳನ್ನು ಲೋಹದ ಮೇಲೆ ಕೊರೆಸುವ ಪದ್ಧತಿ ಹೊರದೇಶಗಳಲ್ಲಿ ಇದೆಯೆಂದು ಎಲ್ಲಿಯೋ ಓದಿದಾಗ ಅವರು ತೊಡೆ ತಟ್ಟಿಕೊಂಡರು. ಲೋಹದ ಮೇಲೆ ಕೊರೆಸಲು ಮಾಂಬಲಂನವನಿಗೆ ಹೊರದೇಶದವನು ಹೇಳಿಕೊಡಬೇಕೆ? ಇಲ್ಲಿ ಒಂದು ಚಮಚ ಕೊಂಡರೂ ಹೆಸರು ಕೊರೆಸದೆ ಮನೆಗೆ ತರುವವರಿಲ್ಲ. ಪಾತ್ರೆ ಅಂಗಡಿಯ ಬಾಗಿಲಲ್ಲೇ ಒಬ್ಬ ಕರೆಂಟಿನ ಪೆನ್ನು ಹಿಡಿದು ಕೂತಿರುತ್ತಾನೆ.

ಹನ್ನೆರಡು ಸ್ಟೀಲ್ ಲೋಟ ಕೊಂಡರು. ಒಂದೊಂದರ ತಳಕ್ಕೆ ಒಂದೊಂದು ಪದ. ಎಲ್ಲವನ್ನೂ ಒಬ್ಬನೇ ಕೊರೆದರೆ ಅವನಿಗೆ ಗುಟ್ಟು ತಿಳಿದೀತೆಂದು ಮೂರು ಅಂಗಡಿಗಳಲ್ಲಿ ನಾಲ್ಕು ನಾಲ್ಕರಂತೆ ಕೊರೆಸಿದರು. ಎರಡನೆಯ ಅಂಗಡಿಯವನು "ಸಾರ್, ಯಾರ ಹೆಸ್ರು ಇದು, ಡಾಂಕಿ?" ಎಂದು ಕೇಳಿದಾಗ, "ದೂರದ ಸಂಬಂಧ" ಎಂದು ಗಂಭೀರವಾಗಿ ಹೇಳಿದರು. ಇನ್ನು ನಂಬರು ಕೊರೆಸಿದರೆ ಕಳ್ಳನಿಗೆ ನಾವೇ ದಾರಿ ತೋರಿಸಿದಂತೆ. ಆದ್ದರಿಂದ ಮೊದಲ ಪದದ ಲೋಟ ಎಲ್ಲಕ್ಕಿಂತ ಅಡಿಗೆ, ಅದರೊಳಗೆ ಎರಡನೆಯದು, ಅದರೊಳಗೆ ಮೂರನೆಯದು, ಹೀಗೆ ಒಂದರೊಳಗೊಂದು ಕೂರಿಸಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಗೋಪುರ ನಿಲ್ಲಿಸಿದರು. ಗೋಪುರವೇ ಕ್ರಮ! ಕಳ್ಳನೆದುರಿಗೇ ಇದ್ದರೂ ಕಳ್ಳನಿಗೆ ಕಾಣುವುದಿಲ್ಲ! ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಅವರು ಆ ಕಾಗದದ ಎರಡೂ ಪ್ರತಿಗಳನ್ನು ಚೂರು ಚೂರು ಮಾಡಿ ಬೇರೆ ಬೇರೆ ಕಸದ ಬುಟ್ಟಿಗೆ ಹಾಕಿದರು. ಮಗಳಿಗೆ ಹೇಳಲಿಲ್ಲ. ಹೆಂಡತಿಗೆ ಮೊದಲೇ ಹೇಳಿರಲಿಲ್ಲ.

ನವರಾತ್ರಿ ಬಂತು. ಶನಿವಾರ ಬೆಳಿಗ್ಗೆ ನೀರಿನ ಲಾರಿಯೂ ಬಂತು. ಅವರ ಕಟ್ಟಡದ ನೆಲದಡಿಯ ತೊಟ್ಟಿಗೆ ಲಾರಿಯವನು ಪೂರ್ತಿ ನೀರು ಬಿಟ್ಟನೋ ಇಲ್ಲವೋ ಎಂದು ಬಗ್ಗಿ ನೋಡುವ ಹುದ್ದೆಯನ್ನು ವಿಷ್ಣುಮೂರ್ತಿಗಳು ತಮಗೆ ತಾವೇ ಕೊಟ್ಟುಕೊಂಡಿದ್ದರು. ಬಗ್ಗಿದರು. ಅಂಗಿಯ ಜೇಬಿನಲ್ಲಿದ್ದ ಫೋನು ಅವರಿಗಿಂತ ಸ್ವಲ್ಪ ಹೆಚ್ಚು ಬಗ್ಗಿತು. ಡುಬುಕ್ ಎಂಬ ಒಂದು ಸದ್ದು, ಅಷ್ಟೆ. ಏಣಿ ಇಳಿಸಿ, ಬಕೆಟ್ ಬಿಟ್ಟು, ಎರಡು ಗಂಟೆ ಹೆಣಗಿ ಮೇಲೆ ತಂದಾಗ ಅದರ ಒಳಗಿದ್ದದ್ದು ಬರೀ ಜಲಮಂಡಳಿಯ ಮೆಟ್ರೋ ವಾಟರ್. ರಿಪೇರಿಯವನು ಒಮ್ಮೆ ಅಲ್ಲಾಡಿಸಿ ನೋಡಿ, ಡಾಕ್ಟರು ಆಪರೇಶನ್ ಥಿಯೇಟರಿನಿಂದ ಹೊರಬಂದು ತಲೆಯಾಡಿಸುವ ಹಾಗೆ ತಲೆಯಾಡಿಸಿದ.

"ಪರವಾಯಿಲ್ಲಪ್ಪಾ," ಎಂದಳು ಅನ್ವಿತಾ ನಿಶ್ಚಿಂತೆಯಿಂದ. "ನನ್ನ ಹಳೇ ಫೋನ್ ಇದೆ. ಆ್ಯಪ್ ಹಾಕಿ ಟ್ವೆಲ್ವ್ ವರ್ಡ್ಸ್ ಕೊಟ್ರೆ ಎಲ್ಲ ವಾಪಸ್ ಬರುತ್ತೆ. ಪೇಪರ್ ತಗೊಂಡು ಬಾ."

ವಿಷ್ಣುಮೂರ್ತಿಗಳು ಒಂದು ಗೂಢ ನಗೆ ನಕ್ಕು ಅಡುಗೆಮನೆಗೆ ಹೋಗಿ ಸ್ಟೂಲು ಹತ್ತಿದರು. ಗೋಪುರವಿದ್ದ ಜಾಗದಲ್ಲಿ ಒಂದು ಹಪ್ಪಳದ ಡಬ್ಬಿ ಇತ್ತು. ನಗೆ ಮುಖದ ಮೇಲೆ ಹಾಗೆಯೇ ಉಳಿಯಿತು, ಮನುಷ್ಯ ಮಾತ್ರ ಒಳಗಿಂದ ಜರಿದು ಹೋದ.

"ಗುಣವತೀ! ಇಲ್ಲಿದ್ದ ಲೋಟ ಎಲ್ಲಿ?"

"ಯಾವ ಲೋಟ? ನೀವು ತಾಂಬೂಲಕ್ಕೆ ಅಂತ ತಂದದ್ದಾ?" ಗುಣವತಿ ಕಡಲೆ ಬೇಯಿಸುತ್ತಿದ್ದವರು ತಿರುಗಿದರು. "ನಿನ್ನೆ ಶುಕ್ರವಾರ ಬೊಂಬೆ ನೋಡ್ಲಿಕ್ಕೆ ಹನ್ನೆರಡು ಜನ ಬಂದ್ರಲ್ಲ, ವೀಳ್ಯದೆಲೆ ಅರಶಿನ ಇಟ್ಟು ಒಬ್ಬೊಬ್ರಿಗೆ ಒಂದೊಂದು ಕೊಟ್ಟೆ. ಲೆಕ್ಕ ಸರಿಯಾಗಿ ಆಯ್ತು, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ!"

"ಕೊಟ್ಟೆಯಾ! ಯಾರನ್ನು ಕೇಳಿ ಕೊಟ್ಟೆ?"

"ನಿಮ್ಮನ್ನೇ ಕೇಳಿ ಮಾರಾಯ್ರೆ! ಮೂರು ಸಲ ಕೇಳಿದೆ. ಮೂರು ಸಲವೂ ಹ್ಞೂಂ ಅಂದ್ರಿ. ಮದುವೆಯಾದಂದಿನಿಂದ ಮನೆಗೊಂದು ಸೌಟು ತಂದವರಲ್ಲ, ಈ ವರ್ಷ ಹೇಳದೆ ಕೇಳದೆ ಹನ್ನೆರಡು ಲೋಟ ತಂದಿಟ್ಟಿದ್ದಾರೆ, ದೇವಿಯೇ ಬುದ್ಧಿ ಕೊಟ್ಟಳು ಅಂತ ನಾನು ಬಂದವರಿಗೆಲ್ಲ ಹೇಳಿದ್ದು. ಕಣ್ಣಲ್ಲಿ ನೀರು ಬಂತು ಗೊತ್ತುಂಟಾ ನಂಗೆ?"

ಈಗ ವಿಷ್ಣುಮೂರ್ತಿಗಳ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಮೇಲಿನ ಮನೆಯ ಅಂಬುಜಮ್ಮನವರ ಕೆಲಸದವಳು ಒಂದು ಡಬ್ಬಿ ಗುಣವತಿಯ ಕೈಗಿತ್ತು ಮಾತಾಡದೆ ಹೋದಳು. ಗುಣವತಿ ನಿನ್ನೆ ಕಡಲೆ ಉಸ್ಲಿ ತುಂಬಿ ಕಳಿಸಿದ್ದ ಡಬ್ಬಿ. ಮುಚ್ಚಳ ತೆಗೆದು ನೋಡಿದ ಗುಣವತಿ ಅಲ್ಲಿಯೇ ಕುಸಿದು ಕೂತರು. ಡಬ್ಬಿ ಖಾಲಿ ಇತ್ತು.

ಖಾಲಿ ಡಬ್ಬಿ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ಆ ಕಟ್ಟಡದಲ್ಲಿ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿಯೇ ಇಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಎರಡು ನಿಂಬೆಹಣ್ಣು, ಕೊನೆಗೆ ನಾಲ್ಕು ಕರಿಬೇವಿನ ಎಲೆಯಾದರೂ ಇರಲೇಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ಅಂಬುಜಮ್ಮ ಕಳಿಸಿದ ಮೊದಲ ಖಾಲಿ ಡಬ್ಬಿ ಇದು. ಇದು ಡಬ್ಬಿಯಲ್ಲ, ಯುದ್ಧಘೋಷಣೆ.

ಮಧ್ಯಾಹ್ನದೊಳಗೆ ಮಿಕ್ಕ ಡಬ್ಬಿಗಳೂ ಬಂದವು, ಎಲ್ಲವೂ ಖಾಲಿ. ಜೊತೆಗೆ ಕಾರಣವೂ ಬಂತು. ಅದನ್ನು ತಂದವರು ಎದುರು ಮನೆಯ ಅಲಮೇಲು ಮಾಮಿ. ಬಾಗಿಲಲ್ಲೇ ನಿಂತು ಲೋಟವನ್ನು ಬೋರಲು ಹಿಡಿದು ತೋರಿಸಿದರು. ತಳದಲ್ಲಿ ಅಂದವಾದ ಅಕ್ಷರದಲ್ಲಿ 'ಲೇಜಿ' ಎಂದು ಕೊರೆದಿತ್ತು.

"ನಾನ್ ಸೋಂಬೇರಿಯಾ, ಗುಣವತಿ? ನಾನು ಸೋಮಾರಿಯಾ? ಇಡುಪು, ಸೊಂಟ ನೋವು ಅಂತ ಎರಡು ತಿಂಗ್ಳು ಬಾಗಿಲಿಗೆ ಕೋಲಂ ಹಾಕ್ಲಿಲ್ಲ, ಅದಕ್ಕೆ ಲೋಟದ ಮೇಲೆ ಬರೆಸ್ತೀಯಾ?"

ಅಲಮೇಲು ಮಾಮಿಯದು ಸಣ್ಣ ಗಾಯ. ಮೂರನೆಯ ಮಹಡಿಯ ನಮಿತಾಳ ಲೋಟದಲ್ಲಿ 'ಗಾಸಿಪ್' ಇತ್ತು. (ಅದನ್ನು ಅವಳು ಇಡೀ ಕಟ್ಟಡಕ್ಕೆ ಅರ್ಧ ಗಂಟೆಯಲ್ಲಿ ತಲುಪಿಸಿದ್ದಳು.) ಇನ್ನೂ ಮದುವೆಯಾಗದ ದಂತವೈದ್ಯೆ ಪ್ರಣಮ್ಯಾಳಿಗೆ 'ಹಸ್ಬೆಂಡ್' ಸಿಕ್ಕಿ, ಆಂಟಿ ಏನು ಹೇಳಲು ಹೊರಟಿದ್ದಾರೆ ಎಂದು ಅವಳ ತಾಯಿ ರಾತ್ರಿಯೆಲ್ಲ ಅತ್ತಿದ್ದರು. ಇನ್ನು ಕಟ್ಟಡದ ಸಂಘದ ಅಧ್ಯಕ್ಷರ ಪತ್ನಿ, ನವರಾತ್ರಿಯ ಮೊದಲ ಆರತಿ ಯಾರು ಎತ್ತಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ತೀರ್ಮಾನಿಸುವ ಅಂಬುಜಮ್ಮನವರಿಗೆ, ಆ ದೂರದ ಸಂಬಂಧವೇ ಹೋಗಿ ಸೇರಿತ್ತು. ಡಾಂಕಿ.

ಮಾಮಿ ಹೋದ ಮೇಲೆ ಗುಣವತಿ ಗಂಡನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ವಿಷ್ಣುಮೂರ್ತಿಗಳು ಆಗಲೇ ಖಾಲಿ ಜೇಬು ಮುಟ್ಟಿಕೊಳ್ಳುತ್ತಿದ್ದರು. ವ್ಯಾಲೆಟ್ಟು, ಪದಗಳು, ಗೋಪುರ, ತೊಟ್ಟಿ ಎಲ್ಲವನ್ನೂ ಒಪ್ಪಿಕೊಂಡರು. ದುಡ್ಡು ಯಾತಕ್ಕೆ ಎಂಬುದೊಂದನ್ನು ಮಾತ್ರ ನುಂಗಿಕೊಂಡರು.

"ಹಾಗಾದ್ರೆ ಮನೆ ದುಡ್ಡು ಕತ್ತೆ, ಸೋಮಾರಿ ಅಂತ ಬರೆಸಿ ಕಪಾಟಲ್ಲಿ ಇಟ್ಟಿದ್ರಿ. ನಾನು ಅದನ್ನು ಕುಂಕುಮ ಹಚ್ಚಿ ಹಂಚಿದೆ. ಇನ್ನು ಈ ಮೆಟ್ಟಿಲು ಹತ್ತಿ ಇಳಿಯುದು ಹೇಗೆ ಮಾರಾಯ್ರೆ ನಾನು?"

"ಲೋಟ ವಾಪಸು ತಂದ್ರೆ ಸಾಕು. ದುಡ್ಡು ಸಿಗ್ತದೆ."

"ತಾಂಬೂಲ ವಾಪಸು ಕೇಳುದಾ? ಮುತ್ತೈದೆಯರ ಕೈಯಿಂದ? ನವರಾತ್ರಿಯಲ್ಲಿ?"

ಇದು ಆಗದ ಮಾತು ಎಂದು ವಿಷ್ಣುಮೂರ್ತಿಗಳಿಗೂ ತಿಳಿಯಿತು. ಅನ್ವಿತಾ ಅಷ್ಟರಲ್ಲಿ ಇನ್ನೊಂದು ಆಗದ ಮಾತನ್ನು ಲೆಕ್ಕ ಹಾಕಿಟ್ಟಿದ್ದಳು. "ಅಪ್ಪಾ, ಲೋಟ ಸಿಕ್ಕಿದ್ರೂ ಆರ್ಡರ್ ಬೇಕು. ನಂಬರ್ ಹಾಕು ಅಂದೆ, ಹಾಕ್ಲಿಲ್ಲ. ಹನ್ನೆರಡು ಲೋಟಾನ ಎಷ್ಟು ಥರ ಜೋಡಿಸ್ಬಹುದು ಗೊತ್ತಾ? ನಲವತ್ತೇಳು ಕೋಟಿ ತೊಂಬತ್ತು ಲಕ್ಷ ಥರ."

ವಿಷ್ಣುಮೂರ್ತಿಗಳು ಬಾಯಿ ತೆರೆದು ಕೂತರು. ತಮ್ಮ ದುಡ್ಡು ಹೋಯಿತೆಂಬ ಸಂಕಟದ ನಡುವೆಯೂ, ನಲವತ್ತು ರೂಪಾಯಿಯ ಹನ್ನೆರಡು ಲೋಟಗಳೊಳಗೆ ನಲವತ್ತೇಳು ಕೋಟಿ ದಾರಿಗಳು ಅಡಗಿದ್ದವೆಂಬ ಸಂಗತಿಗೆ ಅವರಿಗೆ ಕೈ ಮುಗಿಯಬೇಕೆನಿಸಿತು. ದಿನಕ್ಕೆ ನೂರು ಸಲ ಪ್ರಯತ್ನಿಸಿದರೂ ಹದಿಮೂರು ಸಾವಿರ ವರ್ಷ. ಅಷ್ಟರಲ್ಲಿ ಗುಣವತಿಗೆ ಬೆಂಡೋಲೆಯ ಆಸೆ ಇರುತ್ತದೋ ಇಲ್ಲವೋ.

ಗುಣವತಿ ಸೆರಗು ಸಿಕ್ಕಿಸಿ ಎದ್ದರು. "ಕೋಟಿಗೀಟಿ ನಂಗೆ ಗೊತ್ತಿಲ್ಲ. ನಾಳೆ ಸಂಜೆ ಎಲ್ಲರನ್ನೂ ಮತ್ತೆ ಕರೀತೇನೆ. ಲೋಟ ತಗೊಂಡೇ ಬನ್ನಿ, ನಮ್ಮವರು ಎಲ್ಲರ ಎದುರು ತಪ್ಪು ಒಪ್ಪಿಕೊಳ್ತಾರೆ ಅಂತೇನೆ. ಉಸ್ಲಿ ತಿನ್ಲಿಕ್ಕೆ ಬರದವರೂ ಇದನ್ನು ನೋಡ್ಲಿಕ್ಕೆ ಬರ್ತಾರೆ."

ಬಂದರು. ಹನ್ನೆರಡೂ ಮಂದಿ ಬಂದರು. ಬೊಂಬೆಗಳ ಮೆಟ್ಟಿಲಿನೆದುರು ಜಮಖಾನದ ಮೇಲೆ ಕೂತು, ತಂತಮ್ಮ ಲೋಟವನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡರು. ಎಲ್ಲರ ನಡುವೆ ಅಂಬುಜಮ್ಮ, ನ್ಯಾಯಾಧೀಶರ ಹಾಗೆ. ಬೊಂಬೆಗಳೂ ಸೇರಿದರೆ ಸುಮಾರು ನೂರು ಜೊತೆ ಕಣ್ಣುಗಳು ವಿಷ್ಣುಮೂರ್ತಿಗಳ ಮೇಲಿದ್ದವು.

ಅವರು ಎದ್ದು ನಿಂತು ಕ್ರಿಪ್ಟೋ ಎಂದರೇನು ಎಂದು ಶುರುಮಾಡಿದರು. ವಿಮಾ ಏಜೆಂಟರ ತರಬೇತಿಯ ಶೈಲಿಯಲ್ಲಿ ಐದು ನಿಮಿಷ ನಡೆದ ಮೇಲೆ ಅಂಬುಜಮ್ಮ ಕೈಯೆತ್ತಿದರು.

"ಅದೆಲ್ಲ ಇರ್ಲಿ. ನೀವು ಅಷ್ಟು ದುಡ್ಡನ್ನು ಹೆಂಡ್ತಿಗೂ ಹೇಳದೆ ಬಚ್ಚಿಟ್ಟದ್ದು ಯಾಕೆ? ಅದು ಹೇಳಿ. ನಿಜ ಹೇಳಿದ್ರೆ ಕತ್ತೆಯನ್ನು ಕ್ಷಮಿಸ್ತೇನೆ."

ಯಾವ ಕತ್ತೆಯೆಂದು ಅವರು ಬಿಡಿಸಿ ಹೇಳಲಿಲ್ಲ. ವಿಷ್ಣುಮೂರ್ತಿಗಳು ನೆಲ ನೋಡಿದರು, ಫ್ಯಾನು ನೋಡಿದರು, ಕೊನೆಗೆ ಹೆಂಡತಿಯ ಕಡೆ ನೋಡದೆ ಹೇಳಿಬಿಟ್ಟರು: "ಬೆಂಡೋಲೆಗೆ."

"ಯಾರ ಬೆಂಡೋಲೆ?"

"ಇವಳದ್ದೇ. ಏಳು ಕಲ್ಲಿನದು. ಮದುವೆಯಾದ ವರ್ಷ ಕೇಳಿದ್ಲು. ಇದ್ದ ದುಡ್ಡಿಗೆ ಒಂದು ಕಿವಿಯದ್ದು ಮಾತ್ರ ಬರ್ತಿತ್ತು."

ಅಲಮೇಲು ಮಾಮಿ "ಅಡ ಕಡವುಳೇ, ದೇವ್ರೇ" ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ನಮಿತಾ ಫೋನಿನಲ್ಲಿ ಯಾರಿಗೋ ಆಗಲೇ ಸುದ್ದಿ ಒತ್ತುತ್ತಿದ್ದವಳು ಒತ್ತುವುದನ್ನು ನಿಲ್ಲಿಸಿದಳು. ಗುಣವತಿ ಮಾತ್ರ ಗಂಡನನ್ನೇ ನೋಡಿದರು. ಅಂಬುಜಮ್ಮ ತಮ್ಮ ಲೋಟವನ್ನು ಮೇಲೆತ್ತಿ, "ಕೇಳು ಹುಡುಗೀ, ಬರ್ಕೋ," ಎಂದರು ಅನ್ವಿತಾಳಿಗೆ, "ನಂದು ಡಾಂಕಿ."

ಇನ್ನು ಕ್ರಮದ ಪ್ರಶ್ನೆ. ಗೋಪುರದ ಮೇಲಿನ ಲೋಟ ಮೊದಲು ಬಂದವರಿಗೆ ಹೋಗಿತ್ತು, ಎಲ್ಲಕ್ಕಿಂತ ಅಡಿಯದು ಕೊನೆಗೆ ಬಂದವರಿಗೆ. ಯಾರು ಯಾವಾಗ ಬಂದರು ಎಂದು ತಿಳಿದರೆ ಕೊನೆಯಿಂದ ಮೊದಲಿಗೆ ಓದಿಕೊಂಡರಾಯಿತು. ಎರಡು ದಿನದ ಹಿಂದಿನ ಸಂಜೆ, ಬರುವವರು ಹೋಗುವವರು, ಹಾಡು, ಆರತಿ, ಗಲಾಟೆ. ಇದು ಯಾರಿಗೆ ನೆನಪಿರುತ್ತದೆ ಎಂದು ವಿಷ್ಣುಮೂರ್ತಿಗಳು ನಿಟ್ಟುಸಿರಿಟ್ಟರು.

"ಮೊದಲು ಬಂದದ್ದು ಅಲಮೇಲು ಮಾಮಿ," ಎಂದರು ಗುಣವತಿ, ಪಂಚಾಂಗ ಓದುವವರ ಹಾಗೆ ಸರಾಗವಾಗಿ. "ಅರಗಿನ ಬಣ್ಣದ ಸೀರೆ. ಕಡಲೆಗೆ ಉಪ್ಪು ಒಂದು ಕಲ್ಲು ಕಮ್ಮಿ ಅಂದ್ರು. ಆಮೇಲೆ ಪ್ರಣಮ್ಯಾ, ಕ್ಲಿನಿಕ್ಕಿಂದ ಸೀದಾ, ಕಾಲು ತೊಳೆದು ಬಂದ್ಲು."

"ಸರಿ," ಎಂದಳು ಪ್ರಣಮ್ಯಾ. "ನಾನು ಒಳಗೆ ಬರುವಾಗ ಮಾಮಿ ಚಪ್ಪಲಿ ಹಾಕ್ಕೊಳ್ತಿದ್ರು."

"ನಾನು ಬರೋವಾಗ ಪ್ರಣಮ್ಯಾ ಹಾಡ್ತಿದ್ದಳು, ಎರಡನೇ ಚರಣ ಮರೆತುಬಿಟ್ಟಳು," ಎಂದರು ಮೂರನೆಯವರು.

ಹೀಗೆ ಸಾಲು ಬೆಳೆಯಿತು. ಪ್ರತಿಯೊಬ್ಬಳಿಗೂ ತನ್ನ ಹಿಂದಿನವಳು ಏನುಟ್ಟಿದ್ದಳು, ಏನು ಹಾಡಿದಳು, ಎಷ್ಟು ಹೊತ್ತು ಕೂತಳು ಎಂಬುದು ಅಕ್ಷರ ತಪ್ಪದೆ ನೆನಪಿತ್ತು. ಒಬ್ಬಳು ತಪ್ಪಿದರೆ ಉಳಿದ ಹನ್ನೊಂದು ಮಂದಿ ಒಟ್ಟಿಗೆ ತಿದ್ದುತ್ತಿದ್ದರು. ಒಂದು ಸೀರೆಯ ಅಂಚಿನ ಬಣ್ಣವನ್ನು ಬದಲಿಸಲೂ ಯಾರಿಂದಲೂ ಆಗಲಿಲ್ಲ.

"ಅಪ್ಪಾ, ಕ್ರಿಪ್ಟೋ ಲೆಕ್ಕ ಇಡೋ ಬ್ಲಾಕ್‌ಚೈನ್ ಏನು ಅಂತ ಹತ್ತು ಸಲ ಕೇಳಿದ್ಯಲ್ಲ," ಎಂದು ಅನ್ವಿತಾ ಕಿವಿಯಲ್ಲಿ ಹೇಳಿದಳು. "ಇದುದಾನ್, ಇದೇ."

ವಿಷ್ಣುಮೂರ್ತಿಗಳಿಗೆ ರೋಮಾಂಚನವಾಯಿತು. ಎಷ್ಟು ವೀಡಿಯೊ ನೋಡಿಯೂ ತಲೆಗೆ ಹತ್ತದೆ ಹೋಗಿದ್ದ ಆ ಮಹಾವಿದ್ಯೆ ಇಪ್ಪತ್ತೆರಡು ವರ್ಷಗಳಿಂದ ತಮ್ಮ ನಡುಮನೆಯಲ್ಲೇ ನಡೆಯುತ್ತಿತ್ತು! ಮ್ಯಾನೇಜರಿಲ್ಲ, ರಿಜಿಸ್ಟರಿಲ್ಲ, ಯಾರೂ ಅಳಿಸಲಾಗದ ಲೆಕ್ಕ ಹನ್ನೆರಡು ತಲೆಗಳಲ್ಲಿ. ಅವರು ಹೆಂಡತಿಯನ್ನು ಹೊಸದಾಗಿ ನೋಡುವವರಂತೆ ನೋಡಿದರು. ಇಷ್ಟು ದೊಡ್ಡ ಯಂತ್ರದ ಪಕ್ಕದಲ್ಲಿ ಕೂತು ಇಷ್ಟು ವರ್ಷ ಅದರ ಕೈಯಲ್ಲಿ ಚಟ್ನಿ ಬಡಿಸಿಕೊಂಡಿದ್ದರಲ್ಲ ತಾವು ಎಂದು ನಿಜವಾಗಿ ಭಯಭಕ್ತಿ ಹುಟ್ಟಿತು.

ತೊಡಕಾದದ್ದು ಒಂದೇ ಕಡೆ. ಅಂಬುಜಮ್ಮ, ನಮಿತಾ ಒಂದೇ ಲಿಫ್ಟಿನಲ್ಲಿ ಬಂದಿದ್ದರು.

"ಕುಂಕುಮ ಮೊದಲು ನಂಗೆ. ಯಾವಾಗ್ಲೂ ನಂಗೇ," ಎಂದರು ಅಂಬುಜಮ್ಮ.

"ಇಲ್ಲ ಆಂಟಿ, ನೀವು ಶಾರದೆ ಬೊಂಬೆಯ ಮೂಗು ನೋಡ್ತಾ ನಿಂತ್ರಿ. ಲೋಟ ಮೊದಲು ನನ್ನ ಕೈಗೆ ಬಂತು."

ಗುಣವತಿ ಬಾಯಿ ಬಿಡಲಿಲ್ಲ. ಗೊತ್ತಿರಲಿಲ್ಲವೆಂದಲ್ಲ, ಅಂಬುಜಮ್ಮನ ಎದುರು ಹೇಳುವ ಧೈರ್ಯವಿರಲಿಲ್ಲ. ಹಿರಿತನಕ್ಕೆ ಮರ್ಯಾದೆ ಕೊಟ್ಟು ಅನ್ವಿತಾ ಅಂಬುಜಮ್ಮ ಮೊದಲು ಬಂದರೆಂದೇ ಲೆಕ್ಕ ಹಿಡಿದು ಹನ್ನೆರಡು ಪದ ತುಂಬಿ ಒತ್ತಿದಳು. ಫೋನು ಕೆಂಪಗೆ ಮಿನುಗಿ, ಪದಗಳು ಸರಿಯಿಲ್ಲ ಎಂದಿತು. ವಿಷ್ಣುಮೂರ್ತಿಗಳಿಗೆ ಆ ಕ್ಷಣದಲ್ಲಿ ಒಂದು ಕಿವಿಯ ಬೆಂಡೋಲೆಯೂ ಕಣ್ಣೆದುರಿನಿಂದ ಜಾರಿತು.

"ಅದಕ್ಕೇನು ಗೊತ್ತು ಮರ್ಯಾದೆ," ಎಂದರು ಅಂಬುಜಮ್ಮ. "ಹೋಗ್ಲಿ. ನಮಿತಾಳದ್ದು ಮೊದಲು ಹಾಕು. ಆ ಮೂಗು ಸ್ವಲ್ಪ ಸೊಟ್ಟ ಇತ್ತು, ನೋಡ್ತಾ ನಿಂತದ್ದು ಹೌದು."

ಎರಡು ಪದಗಳನ್ನು ಅದಲುಬದಲು ಮಾಡಿ ಅನ್ವಿತಾ ಒತ್ತಿದಳು. ಹಸುರು ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು. ಒಂದು ಲಕ್ಷದ ಮೂವತ್ತೊಂದು ಸಾವಿರ! ಹನ್ನೆರಡೂ ಹೆಂಗಸರು ಒಟ್ಟಿಗೆ 'ಆ' ಎಂದದ್ದು ಕೆಳಗಿನ ಕಾವಲುಗಾರನಿಗೂ ಕೇಳಿಸಿತಂತೆ. ನಲವತ್ತೇಳು ಕೋಟಿ ಬೀಗಗಳನ್ನು ಎರಡೇ ಏಟಿಗೆ ತೆಗೆದಿದ್ದರು. ವಿಷ್ಣುಮೂರ್ತಿಗಳು ಫೋನಿಗೆ ಕೈಮುಗಿಯಬೇಕೋ ಜಮಖಾ­ನಕ್ಕೆ ಕೈಮುಗಿಯಬೇಕೋ ತಿಳಿಯದೆ ಎರಡರ ನಡುವೆ ಕೈಮುಗಿದು ನಿಂತರು.

ಅನ್ವಿತಾ ಮಾತ್ರ ಬೆರಗಾಗಲು ಬಿಡುವಿಲ್ಲದೆ ಕೆಲಸಕ್ಕೆ ತೊಡಗಿದ್ದಳು. ಹದಿನೈದು ಜನಕ್ಕೆ ತಿಳಿದ ಗುಟ್ಟು ಗುಟ್ಟಲ್ಲ ಎಂದು ಹೇಳಿ, ಒಳಗಿನ ಕೋಣೆಗೆ ಅಮ್ಮನನ್ನು ಕರೆದೊಯ್ದು, ಹೊಸ ವ್ಯಾಲೆಟ್ ತೆರೆದು, ಹೊಸ ಹನ್ನೆರಡು ಪದಗಳನ್ನು ಅಮ್ಮನ ಕೈಯಲ್ಲೇ ನಂಬರು ಹಾಕಿಸಿ ಕಾಗದಕ್ಕೆ ಇಳಿಸಿ, ಹತ್ತು ನಿಮಿಷದಲ್ಲಿ ದುಡ್ಡನ್ನೆಲ್ಲ ಅದಕ್ಕೆ ಸಾಗಿಸಿಬಿಟ್ಟಳು. ವಿಷ್ಣುಮೂರ್ತಿಗಳು ಒಳಗೆ ಇಣುಕಿದಾಗ ಬಾಗಿಲು ಹಾಕಿತ್ತು. ತಮ್ಮ ದುಡ್ಡಿನ ಬೀಗದ ಕೈ ತಮ್ಮದಲ್ಲವಾದದ್ದು ಅವರಿಗೆ ಹೊಳೆದದ್ದು ಆಮೇಲೆ.

ಗುಣವತಿ ಹೊರಗೆ ಬಂದದ್ದೇ ಅಲಮೇಲು ಮಾಮಿ ಕೇಳಿದರು: "ಹಾಗಾದ್ರೆ ಬೆಂಡೋಲೆ ಎಪ್ಪೋ, ಯಾವಾಗ? ನಾವೂ ಬರ್ತೀವಿ ಅಂಗಡಿಗೆ."

"ನಂಗೆ ಬೆಂಡೋಲೆ ಬೇಡ," ಎಂದರು ಗುಣವತಿ.

ವಿಷ್ಣುಮೂರ್ತಿಗಳು ಬೆಚ್ಚಿದರು. "ಬೇಡವಾ? ನೀನೇ ಕೇಳಿದ್ದಲ್ವಾ?"

"ಕೇಳಿದ್ದು ಹೌದು, ಇಪ್ಪತ್ತಮೂರನೇ ವಯಸ್ಸಲ್ಲಿ. ಈಗ ನನ್ನ ಕಿವಿ ನೋಡಿ. ತೂತು ಇಳಿದು ಹರಿಯುವ ಹಾಗೆ ಆಗಿ, ಹೊಲಿಗೆ ಹಾಕಿಸಿ ಎಂಟು ವರ್ಷ ಆಯ್ತು. ಭಾರದ್ದು ಏನೂ ಹಾಕ್ಬೇಡಿ ಅಂದಿದ್ದಾರೆ ಡಾಕ್ಟ್ರು. ಬಂದು ನಿಮ್ಗೆ ಹೇಳಿದೆ. ನೀವು ಹ್ಞೂಂ ಅಂದ್ರಿ."

ವಿಷ್ಣುಮೂರ್ತಿಗಳು ಹೆಂಡತಿಯ ಕಿವಿ ನೋಡಿದರು. ಎರಡು ಕಿವಿಗೂ ಮೆಂತ್ಯಕಾಳಿನಷ್ಟು ಹಗುರವಾದ ಓಲೆ. ಮೇಲೊಂದು ಸಣ್ಣ ಗೆರೆ, ಹೊಲಿಗೆಯದು. ಎಂಟು ವರ್ಷ ಬೆಳಿಗ್ಗೆ ಸಂಜೆ ಎದುರಿಗೇ ಇದ್ದ ಕಿವಿ.

"ಬೇಸರ ಮಾಡ್ಬೇಡಿ," ಎಂದರು ಗುಣವತಿ, ದನಿ ಸ್ವಲ್ಪ ಮೆತ್ತಗಾಗಿತ್ತು. "ತರ್ಲಿಕ್ಕೆ ಹೊರಟಿರಲ್ಲ, ಅದೇ ಸಾಕು. ಆದ್ರೆ ದುಡ್ಡು ಕಿವಿಗೆ ಅಂತ ಇಟ್ಟದ್ದು, ಕಿವಿಗೇ ಹೋಗ್ಲಿ. ನಿಮ್ಮ ಕಿವಿಗೆ."

"ನನ್ನ ಕಿವಿಗಾ? ನಂಗೇನಾಗಿದೆ?"

"ಕೇಳಿದ್ರಾ?" ಎಂದು ಗುಣವತಿ ಸಭೆಯ ಕಡೆ ತಿರುಗಿದರು. "ಮೂರು ಸಲ ಕೇಳಿದ್ದಕ್ಕೆ ಮೂರು ಸಲ ಹ್ಞೂಂ ಅಂದದ್ದು ಒಪ್ಪಿಗೆ ಅಂತ ನಾನು ತಿಳಿದದ್ದು. ಕೇಳಿಸಿರಲೇ ಇಲ್ಲ ಅಂತ ಈಗ ಗೊತ್ತಾಯ್ತು. ಕುಕ್ಕರ್ ಐದು ಸಲ ಕೂಗಿದ್ರೂ ಏಳುದಿಲ್ಲ ಇವರು. ಎರಡೂ ಕಿವಿಗೆ ಮಿಷನ್ ಹಾಕಿಸುದು."

"ಪರವಾಗಿರುವವರು ಕೈಯೆತ್ತಿ" ಎಂದರು ಅಂಬುಜಮ್ಮ. ಹನ್ನೆರಡು ಲೋಟಗಳು ಮೇಲೆದ್ದವು. ಅವು ತಾಂಬೂಲದ್ದಾದ್ದರಿಂದ ಅವರವರ ಮನೆಗೇ ಹೋದವು. ಮರುದಿನ ಅಂಬುಜಮ್ಮ ಡಬ್ಬಿಯ ತುಂಬ ಪುಳಿಯೋಗರೆ ಕಳಿಸಿದರು.

ಎರಡು ವಾರದ ನಂತರ ಸ್ಟೇಷನ್ನಿನ ಪಕ್ಕದ ಕ್ಲಿನಿಕ್ಕಿನಲ್ಲಿ ವಿಷ್ಣುಮೂರ್ತಿಗಳ ಎರಡು ಕಿವಿಗಳಲ್ಲೂ ಗೋಡಂಬಿಯಷ್ಟು ಗಾತ್ರದ ಯಂತ್ರಗಳು ಕೂತವು. ಗುಂಡಿ ಒತ್ತಿದ ಕ್ಷಣ ಲೋಕವೆಲ್ಲ ಒಟ್ಟಿಗೆ ಒಳನುಗ್ಗಿತು. ತಾಂಬರಂ ಟ್ರೇನಿನ ಘೋಷಣೆ, ಪಾರಿವಾಳದ ರೆಕ್ಕೆ, ತಮ್ಮದೇ ಚಪ್ಪಲಿಯ ಚಟಪಟ! ಇಷ್ಟೆಲ್ಲ ಸದ್ದು ಇಷ್ಟು ದಿನ ಎಲ್ಲಿತ್ತು ಎಂದು ಬೆರಗಾಗುತ್ತಲೇ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆಗೆದಾಗ ಅಡುಗೆಮನೆಯಿಂದ ಗುಣವತಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ. ಇಷ್ಟು ವರ್ಷ ಇವಳು ಹೇಳಿದ್ದನ್ನೆಲ್ಲ ಇನ್ನು ಮೇಲಾದರೂ ಕೂತು ಕೇಳಬೇಕು ಎಂದುಕೊಂಡು ವಿಷ್ಣುಮೂರ್ತಿಗಳು ಚಪ್ಪಲಿಯನ್ನೂ ಬಿಡದೆ ನಿಂತರು.

"ಹ್ಞಾ, ಅಂಬುಜಮ್ಮ, ಬಂದ್ರು. ಹಾಕಿಸಿಕೊಂಡೇ ಬಂದಿದ್ದಾರೆ," ಎನ್ನುತ್ತಿದ್ದರು ಗುಣವತಿ. "ಈಗ ಎಲ್ಲ ಕೇಳಿಸ್ತದಂತೆ. ಇನ್ನು ಇಲ್ಲಿ ಕೂತು ಮಾತಾಡ್ಲಿಕ್ಕೆ ಆಗುದಿಲ್ಲ. ತಾಳಿ, ನಾನೇ ಮೇಲೆ ಬರ್ತೇನೆ."

ಅವರು ಗಂಡನ ಪಕ್ಕದಿಂದಲೇ ಹಾದು, ಮೆತ್ತಗೆ ಬಾಗಿಲು ಎಳೆದುಕೊಂಡು ಹೋದರು. ಬರೀ ಮನೆಯಲ್ಲಿ ವಿಷ್ಣುಮೂರ್ತಿಗಳಿಗೆ ಗೋಡೆ ಗಡಿಯಾರದ ಟಿಕ್ ಟಿಕ್ ಬಹಳ ಚೆನ್ನಾಗಿ ಕೇಳಿಸುತ್ತಿತ್ತು.